ನಿಕ್ಕಲ್-ಕ್ರೋಮಿಯಂ ಬಿಡಿಭಾಗಗಳ ಜೊತೆ ಹದದ ದಾಖಲೆಯೂ ಬರಲಿ

ಮಾನ್ಯ ಸಂಪಾದಕರೇ,

ಜೆಟ್ ಎಂಜಿನ್ ತಯಾರಿಕೆಯ ಕುರಿತು ಎಚ್‌ಎಎಲ್ ಮತ್ತು ಅಮೆರಿಕದ ಜಿಇ ಸಂಸ್ಥೆ 2023ರ ಜೂನ್‌ನಲ್ಲಿ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದ ಮೇಲೆ, ಎಂಜಿನ್‌ಗೆ ಬೇಕಾಗುವ ಲೋಹಗಳ ಪ್ರಸ್ತಾಪ ಕನ್ನಡ ಪತ್ರಿಕೆಗಳಲ್ಲಿಯೂ ಆಗಾಗ ಕಾಣಿಸಿಕೊಳ್ಳುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಆ ಬರಹಗಳು ‘ಅಧಿಕ ತಾಪ ತಾಳುವ ನಿಕ್ಕಲ್ ಮಿಶ್ರಲೋಹ’ ಎಂದಷ್ಟೇ ಹೇಳಿ ಮುಂದೆ ಸಾಗುತ್ತವೆ. ಇಂಥ ಲೋಹದ ಬಿಡಿಭಾಗಗಳನ್ನು ಮಾಡಿಕೊಡುವ ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದ ಸಣ್ಣ ಘಟಕಗಳಲ್ಲಿ ನಾನು ನೋಡಿರುವ ಎಷ್ಟೋ ಖರೀದಿ ಆದೇಶಗಳಲ್ಲಿಯೂ ‘ಇಂಕೊನೆಲ್’ ಎಂಬ ವ್ಯಾಪಾರದ ಹೆಸರು ಮತ್ತು ಅಳತೆಗಳ ಹೊರತು ಬೇರೇನೂ ಇರುವುದಿಲ್ಲ. ಹಲವು ವರ್ಷ ಲೋಹಶಾಸ್ತ್ರ ಕಲಿಸಿ, ಈಗಲೂ ಆ ಘಟಕಗಳಿಗೆ ಹೋಗಿಬರುವ ನನಗೆ ಇದು ಕಳವಳ ತರುವ ವಿಷಯವಾಗಿದೆ. ನಿಕ್ಕಲ್-ಕ್ರೋಮಿಯಂ ಮಿಶ್ರಲೋಹದ ಹೆಸರು ಗೊತ್ತಾದ ಮಾತ್ರಕ್ಕೆ, ಅಥವಾ ಅದರಲ್ಲಿ ನಿಕ್ಕಲ್ ಎಷ್ಟು, ಕ್ರೋಮಿಯಂ ಎಷ್ಟು ಎಂದು ತಿಳಿದ ಮಾತ್ರಕ್ಕೆ, ಅದು ಎಷ್ಟು ಭಾರ ಹೊರಬಲ್ಲದು ಎಂದು ಹೇಳಲು ಬರುವುದಿಲ್ಲ. ಒಂದೆರಡು ಶೇಕಡದಷ್ಟು ಸೇರಿರುವ ಇತರ ಧಾತುಗಳು ಯಾವುವು, ಆ ಲೋಹ ಕುಲುಮೆಯೊಳಗೆ ಯಾವ ತಾಪದಲ್ಲಿ ಎಷ್ಟು ಹೊತ್ತು ಇತ್ತು, ಅನಂತರ ಹೇಗೆ ತಣಿಯಿತು ಎಂಬುದೆಲ್ಲ ಸೇರಿ ಲೋಹದ ಒಳಗೆ ಒಂದು ಸೂಕ್ಷ್ಮರಚನೆ ಕಟ್ಟಿಕೊಳ್ಳುತ್ತದೆ, ಮತ್ತು ಬಲ ಬರುವುದು ಆ ರಚನೆಯಿಂದ. ಆದ್ದರಿಂದ ಇಂಥ ಬಿಡಿಭಾಗಗಳ ಜೊತೆ ಲೋಹದ ಸಂಯೋಜನೆಯ ಪ್ರಮಾಣಪತ್ರ, ಅದನ್ನು ಕಾಯಿಸಿ ತಣಿಸಿ ಹದಗೊಳಿಸಿದ್ದರ ದಾಖಲೆ ಎರಡೂ ಕೈಬದಲಾಗುವುದು ರೂಢಿಯಾಗಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಎರಡು ಮೂಲ ಲೋಹಗಳ ವಿಚಾರ. ನಿಕ್ಕಲ್ 1455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಕ್ರೋಮಿಯಂ ಕರಗಲು ಸುಮಾರು 1900 ಡಿಗ್ರಿ ಬೇಕು. ನಿಕ್ಕಲ್‌ನ ಪರಮಾಣುಗಳು ಘನಾಕೃತಿಯ ಮೂಲೆಗಳಲ್ಲಿಯೂ ಪ್ರತಿ ಮುಖದ ನಡುವೆಯೂ ಕೂತಿರುತ್ತವೆ. ಕ್ರೋಮಿಯಂನಲ್ಲಿ ಅವು ಮೂಲೆಗಳಲ್ಲಿಯೂ ಘನದ ನಟ್ಟನಡುವೆಯೂ ಇರುತ್ತವೆ. ಜೋಡಣೆ ಬೇರೆಯಾದರೂ ಪರಮಾಣುಗಳ ಗಾತ್ರದಲ್ಲಿ ಅಂತರ ಅಲ್ಪವಾದ್ದರಿಂದ, ನಿಕ್ಕಲ್ ತನ್ನ ಜೋಡಣೆಯನ್ನು ಬಿಟ್ಟುಕೊಡದೆಯೇ ಸಾಕಷ್ಟು ಕ್ರೋಮಿಯಂಅನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಇದನ್ನೇ ಘನದ್ರಾವಣ ಎನ್ನುವುದು. ಲೋಹವೊಂದು ಶಾಶ್ವತವಾಗಿ ಬಾಗುವಾಗ ಪರಮಾಣುಗಳ ಪದರಗಳು ಇಡಿಯಾಗಿ ಒಂದರ ಮೇಲೊಂದು ಜಾರುವುದಿಲ್ಲ. ಮದುವೆ ಮನೆಯಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಸರಿಸಲು ಅದರ ತುದಿಯಲ್ಲೊಂದು ಸುಕ್ಕು ಎಬ್ಬಿಸಿ ಆ ಸುಕ್ಕನ್ನೇ ಮುಂದಕ್ಕೆ ತಳ್ಳುವಂತೆ, ಪರಮಾಣುಗಳ ಸಾಲಿನಲ್ಲಿರುವ ದೋಷರೇಖೆಯೊಂದು ಚಲಿಸಿ ಆ ಕೆಲಸ ಮುಗಿಸುತ್ತದೆ. ಈ ರೇಖೆಗೆ ಡಿಸ್‌ಲೊಕೇಶನ್ ಎಂದು ಹೆಸರು. ಅದರ ದಾರಿಗೆ ಅಡ್ಡಿ ಹೆಚ್ಚಿದಷ್ಟೂ ಲೋಹದ ಬಲ ಹೆಚ್ಚುತ್ತದೆ. ಹದಮಾಡಿ ಮೃದುಗೊಳಿಸಿದ ಶುದ್ಧ ನಿಕ್ಕಲ್ 100ರಿಂದ 200 ಮೆಗಾಪ್ಯಾಸ್ಕಲ್ ಒತ್ತಡಕ್ಕೇ ಮಣಿಯುತ್ತದೆ. ಕ್ರೋಮಿಯಂ ಪರಮಾಣುಗಳು ಅಲ್ಲಲ್ಲಿ ಕೂತು ಜಾಲಕವನ್ನು ಸ್ವಲ್ಪ ಹಿಗ್ಗಿಸುವುದರಿಂದ ಈ ಮಿತಿ ಏರುತ್ತದೆಯಾದರೂ, ಗಾತ್ರದ ಅಂತರ ಅಲ್ಪವಾದ ಕಾರಣ ಆ ಏರಿಕೆಯೂ ಸಾಧಾರಣವೇ.

ಹಾಗಾದರೆ ಕ್ರೋಮಿಯಂಅನ್ನು ಇನ್ನಷ್ಟು ಸುರಿದರೆ ಬಲ ಬಂದೀತೇ? ಸರಿಸುಮಾರು ಮೂರನೇ ಒಂದು ಭಾಗವನ್ನು ದಾಟಿದ ಮೇಲೆ, ಕಾದಾಗ ಕರಗಿದ್ದ ಕ್ರೋಮಿಯಂ ತಣಿಯುವಾಗ ಒಳಗೆ ನಿಲ್ಲಲಾರದೆ ತನ್ನದೇ ಜೋಡಣೆಯ ಬೇರೆ ಕಣಗಳಾಗಿ ಹೊರಬೀಳುತ್ತದೆ. ಎರಡೂ ಅರ್ಧರ್ಧ ಇರುವ ಮಿಶ್ರಲೋಹದಲ್ಲಿ ಈ ಎರಡು ಬಗೆಯ ರಚನೆ ಒತ್ತೊತ್ತಾಗಿ ಬೆರೆತಿರುತ್ತದೆ. ಅದು ಗಟ್ಟಿ ನಿಜ, ಆದರೆ ಬಡಿದು ರೂಪ ಕೊಡುವುದು ಕಷ್ಟ, ಏಟು ತಾಳುವ ಗುಣವೂ ಕಡಿಮೆ. ಕೀಳು ದರ್ಜೆಯ ಉರುವಲು ಎಣ್ಣೆ ಸುಡುವ ಕುಲುಮೆಗಳಲ್ಲಿ, ಎಣ್ಣೆಯ ಬೂದಿಯಲ್ಲಿರುವ ವನೇಡಿಯಂ ಬೇರೆಲ್ಲ ಲೋಹವನ್ನು ತಿಂದುಹಾಕುವ ಜಾಗದಲ್ಲಿ, ಕೊಳವೆಗಳನ್ನು ಹೊರುವ ಎರಕದ ಆಧಾರಗಳಿಗೆ ಇದನ್ನು ಬಳಸುತ್ತಾರೆ.

ಶೇಕಡ 80 ನಿಕ್ಕಲ್, 20 ಕ್ರೋಮಿಯಂ ಎಂಬ ಲೆಕ್ಕ ಲೋಕಪ್ರಸಿದ್ಧವಾದದ್ದು ಬಲದ ಕಾರಣದಿಂದಲ್ಲ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ ಈ ಲೋಹವನ್ನು ನಾವು ನೈಕ್ರೋಮ್ ಎಂದು ಕರೆಯುತ್ತೇವೆ; ಅಡುಗೆಮನೆಯ ಕಾಯಿಲ್ ಒಲೆಯಿಂದ ಹಿಡಿದು ಪ್ರಯೋಗಾಲಯದ ಫರ್ನೇಸಿನವರೆಗೆ ಹಲವೆಡೆ ಕೆಂಪಗೆ ಕಾಯುವುದು ಇದರ ತಂತಿಯೇ. ಕ್ರೋಮಿಯಂ ಸುಮಾರು 20 ಶೇಕಡ ಇದ್ದಾಗ ಮೇಲ್ಮೈಯಲ್ಲಿ ಬಿರುಕಿಲ್ಲದ ಕ್ರೋಮಿಯಂ ಆಕ್ಸೈಡ್ ಪೊರೆ ಕಟ್ಟಿಕೊಂಡು ಒಳಗಿನ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ, ಹಾಗಾಗಿ ತಂತಿ 1200 ಡಿಗ್ರಿಯ ಹತ್ತಿರದವರೆಗೂ ಬಾಳುತ್ತದೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ತಂತಿಯನ್ನು ಗೇಜ್ (ಅಂದರೆ ದಪ್ಪ) ಹೇಳಿ ಕೊಳ್ಳುವುದು ವಾಡಿಕೆ. ಆದರೆ ಅದೇ ಗೇಜಿನಲ್ಲಿ ಶೇಕಡ 60 ನಿಕ್ಕಲ್, 16 ಕ್ರೋಮಿಯಂ, ಉಳಿದದ್ದು ಬಹುಪಾಲು ಕಬ್ಬಿಣ ಇರುವ ತಂತಿಯೂ ಇದೆ, ನಿಕ್ಕಲ್ಲೇ ಇಲ್ಲದ ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ತಂತಿಯೂ ಇದೆ. ಕೊನೆಯದು ಅಯಸ್ಕಾಂತಕ್ಕೆ ಅಂಟುತ್ತದೆ, 80-20 ಅಂಟುವುದಿಲ್ಲ. ಈ ಕೊನೆಯ ತಂತಿ ಇನ್ನೂ ಹೆಚ್ಚಿನ ತಾಪ ತಾಳಬಲ್ಲದಾದರೂ, ಕೆಲಕಾಲ ಕಾದ ಮೇಲೆ ಅದರೊಳಗಿನ ಹರಳುಗಳು ದಪ್ಪಗೆ ಬೆಳೆದು ತಣ್ಣಗಿರುವಾಗ ಮುಟ್ಟಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಮೂರಕ್ಕೂ ಒಂದೇ ಹೆಸರು ಹೇಳಿ ಮಾರುವುದು ಸರಿಯಲ್ಲ.

ಬಲದ ನಿಜವಾದ ಕಥೆ ಶುರುವಾಗುವುದು ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ. ಫ್ರಾಂಕ್ ವಿಟ್ಲ್ ಅವರ ಜೆಟ್ ಎಂಜಿನ್ನಿಗೆ, ಕೆಂಪಗೆ ಕಾದ ಸ್ಥಿತಿಯಲ್ಲಿ ಗಿರಗಿರನೆ ಸುತ್ತುತ್ತಲೇ ಉದ್ದ ಹಿಗ್ಗದೆ ಉಳಿಯುವ ಅಲಗುಗಳು ಬೇಕಾಗಿದ್ದವು. ಅಲ್ಲಿನ ಲೋಹತಜ್ಞರು ಹೊಸದೊಂದನ್ನು ಹುಡುಕಿಕೊಂಡು ಹೋಗದೆ, ಕೈಯಲ್ಲಿದ್ದ 80-20 ನೈಕ್ರೋಮನ್ನೇ ಹಿಡಿದು ಅದಕ್ಕೆ ಅಲ್ಪಸ್ವಲ್ಪ ಸೇರಿಸುತ್ತ ನೋಡಿದರು. ಮೊದಲು ಬಂದದ್ದು ನಿಮೋನಿಕ್ 75. ಅದರಲ್ಲಿ ಟೈಟಾನಿಯಂ 0.2ರಿಂದ 0.6 ಶೇಕಡ, ಇಂಗಾಲ 0.1ರ ಆಸುಪಾಸು. ಮುಂದೆ ಬಂದ ನಿಮೋನಿಕ್ 80ಎ ಎಂಬುದರಲ್ಲಿ ಟೈಟಾನಿಯಂ 1.8ರಿಂದ 2.7, ಅಲ್ಯೂಮಿನಿಯಂ 1ರಿಂದ 1.8 ಶೇಕಡ. ಕ್ರೋಮಿಯಂ ಎರಡರಲ್ಲೂ 20ರ ಹತ್ತಿರವೇ. ಕೈಯಲ್ಲಿ ಹಿಡಿದರೆ ಬಣ್ಣ, ತೂಕ, ಹೊಳಪು ಯಾವುದರಲ್ಲೂ ವ್ಯತ್ಯಾಸ ತಿಳಿಯದು. ಹಾಗಿದ್ದೂ ಸರಿಯಾಗಿ ಹದಗೊಂಡ 80ಎ ಮಣಿಯುವ ಒತ್ತಡ 75ರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಈ ಒಂದು ಉದಾಹರಣೆಯನ್ನು ನಮ್ಮ ಡಿಪ್ಲೊಮಾ ತರಗತಿಗಳಲ್ಲಿ ಒಂದಿಡೀ ವಾರ ಕಲಿಸಿದರೂ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ವಿಷಯದ ತಿರುಳೆಲ್ಲ ಇದರಲ್ಲಿ ಅಡಗಿದೆ.

ಇಲ್ಲಿ ನಡೆಯುವುದಿಷ್ಟು. ಸಾವಿರ ಡಿಗ್ರಿ ಮೀರಿ ಕಾಯಿಸಿದಾಗ ಟೈಟಾನಿಯಂ, ಅಲ್ಯೂಮಿನಿಯಂ ಎರಡೂ ನಿಕ್ಕಲ್‌ನಲ್ಲಿ ಕರಗಿರುತ್ತವೆ. ತಣಿಸಿ, ಮತ್ತೆ 700 ಡಿಗ್ರಿಯ ಹತ್ತಿರ ಗಂಟೆಗಟ್ಟಲೆ ಇಟ್ಟಾಗ ಅವು ನಿಕ್ಕಲ್ ಜೊತೆ ಒಂದಕ್ಕೆ ಮೂರರಂತೆ ಕೂಡಿ, ಬರಿಗಣ್ಣಿಗಿರಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕ ಕಣಗಳಾಗಿ ಲೋಹದ ತುಂಬ ಹರಡಿಕೊಳ್ಳುತ್ತವೆ. ಇವಕ್ಕೆ ಗಾಮಾ ಪ್ರೈಮ್ ಎಂದು ಹೆಸರು. ಈ ಕಣಗಳ ಪರಮಾಣು ಜೋಡಣೆ ಸುತ್ತಲಿನ ನಿಕ್ಕಲ್‌ನದೇ ಮಾದರಿಯದಾದ್ದರಿಂದ ಎರಡರ ನಡುವೆ ಬಿರುಕು ಬಿಡುವ ಗಡಿ ಇರುವುದಿಲ್ಲ. ಆದರೆ ಒಳಗೆ ಯಾವ ಪರಮಾಣು ಎಲ್ಲಿ ಕೂರಬೇಕೆಂಬ ಕಟ್ಟುನಿಟ್ಟಿನ ಕ್ರಮವಿದೆ. ಡಿಸ್‌ಲೊಕೇಶನ್ ಒಂದು ಇದನ್ನು ಹಾದುಹೋಗಬೇಕಾದರೆ ಆ ಕ್ರಮವನ್ನು ಕೆಡಿಸಬೇಕು, ಅದಕ್ಕೆ ಹೆಚ್ಚಿನ ಶಕ್ತಿ ಬೇಕು. ಇನ್ನೂ ವಿಸ್ಮಯದ ಸಂಗತಿಯೆಂದರೆ, ಬಹುತೇಕ ಲೋಹಗಳು ಕಾದಂತೆಲ್ಲ ಮೆತ್ತಗಾದರೆ, ಗಾಮಾ ಪ್ರೈಮ್‌ನ ಬಲ 700-800 ಡಿಗ್ರಿಯವರೆಗೆ ಏರುತ್ತಲೇ ಹೋಗುತ್ತದೆ. ಪ್ರಯಾಣಿಕ ವಿಮಾನವಿರಲಿ, ಯುದ್ಧವಿಮಾನವಿರಲಿ, ಇಂದಿನ ಟರ್ಬೈನ್ ಅಲಗುಗಳು ಬೆಂಕಿಯ ನಡುವೆ ನಿಂತಿರುವುದು ಈ ಗುಣದ ಬಲದಿಂದಲೇ.

ಅಲಗುಗಳಿಗೆ ಹೆಚ್ಚು ಹೆಚ್ಚು ತಾಪ ತಾಳುವ ಲೋಹ ಬೇಕಾದಂತೆ ಅಲ್ಯೂಮಿನಿಯಂ ಏರಿಸಲಾಯಿತು, ಟಂಗ್‌ಸ್ಟನ್, ಟ್ಯಾಂಟಲಂ, ರೀನಿಯಂಗಳಂಥ ಭಾರದ ಧಾತುಗಳನ್ನು ಸೇರಿಸಲಾಯಿತು. ಈಗಿನ ಏಕಸ್ಫಟಿಕ (ಇಡಿಯಾಗಿ ಒಂದೇ ಹರಳಾಗಿರುವ) ಅಲಗುಗಳಲ್ಲಿ ಗಾಮಾ ಪ್ರೈಮ್ ಪಾಲೇ 60-70 ಶೇಕಡ ಇರುತ್ತದೆ. ಇವಕ್ಕೆಲ್ಲ ಜಾಗ ಮಾಡಿಕೊಡಲು ಕ್ರೋಮಿಯಂ ಹಿಂದೆ ಸರಿಯಬೇಕಾಯಿತು. 20ರಿಂದ 10ಕ್ಕೆ, ಕೆಲವು ಮಿಶ್ರಲೋಹಗಳಲ್ಲಿ 5ಕ್ಕೂ ಕೆಳಗೆ. ಹಾಗೆ ಸರಿಯದಿದ್ದರೆ ಭಾರದ ಧಾತುಗಳ ಜೊತೆ ಕ್ರೋಮಿಯಂ ಕೂಡಿ ಸಿಗ್ಮಾ ಎಂಬ ಪೆಡಸು ಕಣಗಳು ಸೂಜಿಯಾಕಾರದಲ್ಲಿ ಬೆಳೆದು ಅಲಗನ್ನು ಒಳಗಿಂದೊಳಗೇ ಬಿರುಕು ಬಿಡಿಸುತ್ತವೆ. ಕ್ರೋಮಿಯಂ ಕಡಿಮೆಯಾದಾಗ ಬಿಸಿ ಅನಿಲದಿಂದ ಕಾಪಾಡುವ ಹೊಣೆ ಹೊರಗಿನ ಲೇಪನದ ಮೇಲೆ ಬೀಳುತ್ತದೆ. ಒಂದು ಗುಣ ಬೇಕಾದರೆ ಇನ್ನೊಂದನ್ನು ಎಷ್ಟು ಬಿಟ್ಟುಕೊಡಬೇಕೆಂಬ ಈ ಲೆಕ್ಕಾಚಾರವೇ ಎಂಜಿನ್ ಲೋಹದ ಕಷ್ಟ. ಯುದ್ಧವಿಮಾನಕ್ಕೆಂದು ದೇಶದಲ್ಲೇ ರೂಪಿಸಿದ ಕಾವೇರಿ ಎಂಜಿನ್‌ಗಾಗಿ ನಮ್ಮ ಊರಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ಮತ್ತು ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್‌ನ ತಜ್ಞರು ದಶಕಗಳ ಕಾಲ ಏಕೆ ಹೆಣಗಿದರೆಂದು ಕೇಳುವ ಓದುಗರಿಗೆ, ‘ತಂತ್ರಜ್ಞಾನ ಸಿಗಲಿಲ್ಲ’ ಎಂಬ ಒಂದು ಸಾಲಿನ ಬದಲು ಈ ಲೆಕ್ಕಾಚಾರವನ್ನು ವಿವರಿಸಿದರೆ ಆ ತಜ್ಞರ ಶ್ರಮಕ್ಕೆ ನ್ಯಾಯ ಸಲ್ಲಿಸಿದಂತಾಗುತ್ತದೆ.

ಸಣ್ಣ ಘಟಕಗಳಿಗೆ ಅಲಗುಗಳ ಕೆಲಸ ಬರುವುದು ಕಡಿಮೆ. ಅಲ್ಲಿಗೆ ಹೆಚ್ಚಾಗಿ ಬರುವುದು 718 ಎಂಬ ಇಂಕೊನೆಲ್ ಮಿಶ್ರಲೋಹದ ಬೋಲ್ಟು, ಉಂಗುರ, ಬ್ರ್ಯಾಕೆಟ್‌ಗಳು. ಇದರಲ್ಲಿ ನಿಕ್ಕಲ್ 50ರಿಂದ 55, ಕ್ರೋಮಿಯಂ 17ರಿಂದ 21, ನಿಯೋಬಿಯಂ 5ರ ಆಸುಪಾಸು, ಮಾಲಿಬ್ಡಿನಂ 3ರಷ್ಟು, ಜೊತೆಗೆ ಸ್ವಲ್ಪ ಟೈಟಾನಿಯಂ, ಅಲ್ಯೂಮಿನಿಯಂ ಇದ್ದು, ಉಳಿದದ್ದು ಕಬ್ಬಿಣ. ಇಲ್ಲಿ ಬಲ ಕೊಡುವುದು ಮುಖ್ಯವಾಗಿ ನಿಯೋಬಿಯಂನಿಂದ ಹುಟ್ಟುವ, ಬಿಲ್ಲೆಯಾಕಾರದ, ಗಾಮಾ ಡಬಲ್ ಪ್ರೈಮ್ ಎಂಬ ಕಣಗಳು. ಅವು ಹುಟ್ಟಬೇಕಾದರೆ ಬಿಡಿಭಾಗವನ್ನು 720 ಡಿಗ್ರಿಯಲ್ಲಿ 8 ಗಂಟೆ ಇಟ್ಟು, ಕುಲುಮೆಯೊಳಗೇ ನಿಧಾನವಾಗಿ 620ಕ್ಕೆ ಇಳಿಸಿ, ಅಲ್ಲಿ ಮತ್ತೆ 8 ಗಂಟೆ ಇಡುವುದು ಸಾಮಾನ್ಯ ಕ್ರಮ. ವಿಮಾನದ ಕೆಲಸಕ್ಕೆ ಬಳಸುವ ಪ್ರಚಲಿತ ಮಾನಕದ ಪ್ರಕಾರ ಹೀಗೆ ಹದಗೊಂಡ 718 ಸರಳು ಮಣಿಯುವ ಒತ್ತಡ 1034 ಮೆಗಾಪ್ಯಾಸ್ಕಲ್‌ಗೆ ಕಡಿಮೆ ಇರಬಾರದು. ಈ ಹದ ತಪ್ಪಿದರೆ ಅದೇ ಲೋಹ ಹೆಚ್ಚುಕಡಿಮೆ ಅದರರ್ಧ ಒತ್ತಡಕ್ಕೇ ಮಣಿಯುತ್ತದೆ.

ಬೆಂಗಳೂರಿನ ಒಂದು ಘಟಕದಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಬಂದ ಮಾಲನ್ನು ಅಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಗನ್ನಿನಿಂದ ಪರೀಕ್ಷಿಸುತ್ತಿದ್ದರು. ಗನ್ ನಿಕ್ಕಲ್, ಕ್ರೋಮಿಯಂ, ನಿಯೋಬಿಯಂ ಎಲ್ಲ ಸರಿಯಾಗಿ ತೋರಿಸಿತು, 718 ಎಂದು ಪರದೆಯ ಮೇಲೆ ಹೆಸರೂ ಮೂಡಿತು, ಬೋಲ್ಟುಗಳು ಒಪ್ಪಿತವಾದವು. ಆದರೆ ಆ ಗುಂಪಿನ ಕೆಲವು ಬೋಲ್ಟುಗಳಿಗೆ ಮೇಲೆ ಹೇಳಿದ 720-620 ಡಿಗ್ರಿಯ ಹದ ಆಗಿರಲೇ ಇಲ್ಲ. ಗನ್ನಿನದು ತಪ್ಪಲ್ಲ, ಅದು ಪರಮಾಣುಗಳ ಜಾತಿಯನ್ನು ಎಣಿಸುತ್ತದೆಯೇ ಹೊರತು ಅವು ಹೇಗೆ ಕೂತಿವೆ ಎಂಬುದನ್ನು ನೋಡಲಾರದು. ಇಂಗಾಲ, ಬೋರಾನ್‌ಗಳಂತೂ ಅದಕ್ಕೆ ಕಾಣುವುದೇ ಇಲ್ಲ. ಈ ತಪ್ಪನ್ನು ಹಿಡಿಯಲು ಪ್ರತಿ ವರ್ಕ್‌ಶಾಪಿನಲ್ಲೂ ಇರಬಹುದಾದ ಹಾರ್ಡ್‌ನೆಸ್ ಟೆಸ್ಟರ್ ಸಾಕಾಗಿತ್ತು. ಅದೇ ಮಾನಕದ ಪ್ರಕಾರ ಹದಗೊಳ್ಳದ ಸರಳಿನ ಬ್ರಿನೆಲ್ ಗಡಸುತನ 277 ಮೀರಬಾರದು, ಹದಗೊಂಡದ್ದು 331ಕ್ಕಿಂತ ಕೆಳಗೆ ಇರಬಾರದು. ಎರಡರ ನಡುವೆ ಗೊಂದಲಕ್ಕೆ ಎಡೆಯೇ ಇಲ್ಲ.

ಗಡಸುತನ ಸರಿಯಿದ್ದರೂ ಎಲ್ಲವೂ ಸರಿಯಿದೆ ಎನ್ನಲಾಗದ ಸಂದರ್ಭಗಳೂ ಇವೆ, ಆಗ ಸೂಕ್ಷ್ಮದರ್ಶಕವೇ ಬೇಕು. 718 ಅನ್ನು 650 ಡಿಗ್ರಿ ಮೀರಿದ ತಾಪದಲ್ಲಿ ಬಹುಕಾಲ ದುಡಿಸಿದರೆ, ಬಲ ಕೊಡುವ ಬಿಲ್ಲೆಗಳು ಕರಗಿ ಡೆಲ್ಟಾ ಎಂಬ ದಪ್ಪ ಪಟ್ಟಿಗಳಾಗುತ್ತವೆ. ಎರಕದಲ್ಲಿ ಕೊನೆಗೆ ಹೆಪ್ಪುಗಟ್ಟುವ ಸಂದುಗಳಲ್ಲಿ ನಿಯೋಬಿಯಂ ಶೇಖರವಾಗಿ ಲಾವೆಸ್ ಎಂಬ ಪೆಡಸು ಕಣ ಬೆಳೆಯುತ್ತದೆ. ಅಲ್ಲಿ ಸಿಕ್ಕಿಹಾಕಿಕೊಂಡ ನಿಯೋಬಿಯಂ ಬಲಕ್ಕೆ ಒದಗುವುದಿಲ್ಲ. ನಗರದಲ್ಲಿ ಈಗ ಬೆಳೆಯುತ್ತಿರುವ ಲೋಹದ ತ್ರಿಡಿ ಮುದ್ರಣಕ್ಕೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಲೇಸರ್ ಕರಗಿಸಿದ ಪುಡಿ ಕ್ಷಣಾರ್ಧದಲ್ಲಿ ತಣಿಯುವುದರಿಂದ ರಚನೆ ಬಹಳ ಸೂಕ್ಷ್ಮವಾಗಿರುತ್ತದೆ, ಆದರೆ ನಿಯೋಬಿಯಂ ಅಲ್ಲಿಯೂ ಸಂದುಗಳಿಗೆ ಸರಿದಿರುತ್ತದೆ. ಬಡಿದು ಮಾಡಿದ ಸರಳಿಗೆಂದು ರೂಪಿಸಿದ ಹದವನ್ನೇ ಮುದ್ರಿತ ಭಾಗಕ್ಕೂ ಕೊಟ್ಟರೆ ಸಾಲದು. ಮೊದಲು ಹೆಚ್ಚಿನ ತಾಪದಲ್ಲಿಟ್ಟು ನಿಯೋಬಿಯಂಅನ್ನು ಎಲ್ಲೆಡೆ ಸಮನಾಗಿ ಹರಡಬೇಕಾಗುತ್ತದೆ.

ಲೋಹವನ್ನು ಕಟ್ಟಿರುವ ಪುಟ್ಟ ಹರಳುಗಳ ಅಂಚಿನ ವಿಚಾರ ಇನ್ನೂ ನಾಜೂಕು. ಒಂದು ಶೇಕಡದ ನೂರನೇ ಒಂದು ಭಾಗಕ್ಕೂ ಕಡಿಮೆ ಬೋರಾನ್ ಅಂಚುಗಳನ್ನು ಗಟ್ಟಿಮಾಡುತ್ತದೆ. ಅಷ್ಟೇ ಪ್ರಮಾಣದ ಗಂಧಕವೋ ಸೀಸವೋ ಸೇರಿದರೆ ಅದೇ ಅಂಚುಗಳು ಸಡಿಲವಾಗುತ್ತವೆ. ಇದು ಲೋಹ ಕರಗಿಸುವವರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಗಂಧಕ ಬೆರೆತ ಕಟಿಂಗ್ ಆಯಿಲ್ ಒರೆಸದೆ ಬಿಡಿಭಾಗವನ್ನು ಕುಲುಮೆಗೆ ಹಾಕಿದರೆ, ನಿಕ್ಕಲ್ ಮತ್ತು ಗಂಧಕ ಕೂಡಿ ಸುಮಾರು 640 ಡಿಗ್ರಿಯಲ್ಲೇ ಕರಗುವ ಮಿಶ್ರಣವಾಗಿ ಹರಳುಗಳ ಅಂಚಿನೊಳಕ್ಕೆ ಇಳಿಯುತ್ತದೆ. ಲೇತ್ ಮೇಲೆ ಕೆಲಸ ಮಾಡುವ ಹುಡುಗರಿಗೆ ಈ ಒಂದು ವಿಷಯವನ್ನಾದರೂ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕೆಂದು ನಾನು ಹೋದಲ್ಲೆಲ್ಲ ಕೇಳಿಕೊಳ್ಳುತ್ತೇನೆ. ಅಂಚುಗಳಲ್ಲಿ ಕ್ರೋಮಿಯಂ ಕಾರ್ಬೈಡ್ ಕಟ್ಟಿಕೊಂಡು ಅಕ್ಕಪಕ್ಕದ ಪಟ್ಟಿಯಲ್ಲಿ ಕ್ರೋಮಿಯಂ ಬರಿದಾಗುವುದು ಮತ್ತೊಂದು ಬಗೆಯ ತೊಂದರೆ. ಪರಮಾಣು ವಿದ್ಯುತ್ ಸ್ಥಾವರಗಳ ಉಗಿ ಉತ್ಪಾದಕ ಕೊಳವೆಗಳಲ್ಲಿ ಶೇಕಡ 15ರಷ್ಟು ಕ್ರೋಮಿಯಂ ಇದ್ದ 600 ಎಂಬ ಮಿಶ್ರಲೋಹ ಅಂಚಿನ ಗುಂಟ ಬಿರುಕುಬಿಟ್ಟ ಅನುಭವದಿಂದಲೇ ಹಲವು ದೇಶಗಳು ಶೇಕಡ 30ರ ಆಸುಪಾಸು ಕ್ರೋಮಿಯಂ ಇರುವ 690ಕ್ಕೆ ಬದಲಾದವು.

ಎಂಜಿನ್‌ಗೆ ಸಂಬಂಧವೇ ಇಲ್ಲದ ಓದುಗರಿಗೂ ಈ ಲೋಹ ದೂರದ್ದಲ್ಲ, ಏಕೆಂದರೆ ಹಲ್ಲಿನ ಪಿಂಗಾಣಿ ಕ್ಯಾಪಿನ ಒಳಗಿರುವ ತೆಳುವಾದ ಲೋಹದ ಚಿಪ್ಪು ಎಷ್ಟೋ ಬಾರಿ ನಿಕ್ಕಲ್-ಕ್ರೋಮಿಯಂನದೇ ಆಗಿರುತ್ತದೆ. ಚಿನ್ನದ ಮಿಶ್ರಲೋಹಕ್ಕಿಂತ ಎರಡು ಪಟ್ಟಿನಷ್ಟು ಬಿಗುವಿರುವುದರಿಂದ ಇದನ್ನು ತೆಳುವಾಗಿ ಎರಕ ಹೊಯ್ಯಬಹುದು. ಬಾಯಿಯ ಜೊಲ್ಲಿನಲ್ಲಿ ಸವೆಯದಿರಲು ಸಾಕಷ್ಟು ಕ್ರೋಮಿಯಂ ಮತ್ತು ಮಾಲಿಬ್ಡಿನಂ ಇರಲೇಬೇಕು. ಎರಡೂ ಕಡಿಮೆಯಾದರೆ ನಿಕ್ಕಲ್ ಬಿಡುಗಡೆಯಾಗುವುದು ಹೆಚ್ಚುತ್ತದೆ, ನಿಕ್ಕಲ್ ಅಲರ್ಜಿ ಇರುವವರಿಗೆ ಅದು ತೊಂದರೆ ಕೊಡಬಹುದು. ಎರಕ ಸುಲಭವಾಗಲೆಂದು ಕೆಲವು ಮಿಶ್ರಲೋಹಗಳಿಗೆ ಶೇಕಡ 2ರವರೆಗೆ ಬೆರಿಲಿಯಂ ಸೇರಿಸುತ್ತಿದ್ದರು. ಅದು ಕರಗುವ ತಾಪವನ್ನು ಇಳಿಸಿ, ಹರಳುಗಳ ನಡುವಿನ ಸಂದುಗಳಲ್ಲಿ ನಿಕ್ಕಲ್-ಬೆರಿಲಿಯಂ ರಚನೆಯಾಗಿ ಉಳಿಯುತ್ತದೆ, ಸವೆತ ಮೊದಲಾಗುವುದೂ ಅಲ್ಲಿಂದಲೇ. ಕ್ಯಾಪನ್ನು ಉಜ್ಜಿ ಹೊಳಪು ಕೊಡುವಾಗ ಏಳುವ ಬೆರಿಲಿಯಂ ಧೂಳು ತಂತ್ರಜ್ಞರ ಶ್ವಾಸಕೋಶಕ್ಕೆ ವಾಸಿಯಾಗದ ರೋಗ ತರಬಲ್ಲದು. ದಂತಲೋಹಗಳ ಅಂತರರಾಷ್ಟ್ರೀಯ ಮಾನಕ ಈಗ ಬೆರಿಲಿಯಂಅನ್ನು 0.02 ಶೇಕಡಕ್ಕೆ ಮಿತಿಗೊಳಿಸಿದೆ. ಕ್ಯಾಪ್ ಹಾಕಿಸಿಕೊಳ್ಳುವವರು ದಂತವೈದ್ಯರನ್ನು ಲೋಹದ ಸಂಯೋಜನೆಯ ಚೀಟಿ ಕೊಡಿ ಎಂದು ಕೇಳುವುದು ಅವರ ಹಕ್ಕು.

ನನ್ನ ಕೋರಿಕೆಗಳು ಹೀಗಿವೆ. ಖರೀದಿ ಆದೇಶ ಬರೆಯುವ ದೊಡ್ಡ ಸಂಸ್ಥೆಗಳು ಮಿಶ್ರಲೋಹದ ಹೆಸರಿನ ಜೊತೆ ಮಾನಕದ ಸಂಖ್ಯೆಯನ್ನೂ, ಯಾವ ಹದದ ಸ್ಥಿತಿಯಲ್ಲಿ ಮಾಲು ಬೇಕೆಂಬುದನ್ನೂ ಬರೆಯಲಿ. ಮಾಲಿನ ಜೊತೆ ಕರಗಿಸಿದ ಗುಂಪಿನ ಹೀಟ್ ನಂಬರ್ ಇರುವ ಟೆಸ್ಟ್ ಸರ್ಟಿಫಿಕೇಟ್ ಬರುವಂತೆಯೇ, ಕುಲುಮೆಯ ತಾಪ ಮತ್ತು ಅವಧಿಯನ್ನು ತೋರಿಸುವ ಚಾರ್ಟೂ ಬರಲಿ. ಪ್ರತಿ ಸಲ ಕುಲುಮೆ ತುಂಬಿಸುವಾಗ ಅದೇ ಲೋಹದ ಒಂದು ಪರೀಕ್ಷಾ ತುಂಡನ್ನೂ ಒಳಗಿಟ್ಟು ಅದರ ಗಡಸುತನ ದಾಖಲಿಸಲಿ. ಪೀಣ್ಯದಂಥ ಜಾಗದಲ್ಲಿ ಸಣ್ಣ ಘಟಕಗಳಿಗೆ ಕೈಗೆಟಕುವ ದರದಲ್ಲಿ ಮಾದರಿಯನ್ನು ಉಜ್ಜಿ, ರಾಸಾಯನಿಕದಲ್ಲಿ ಅದ್ದಿ, ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಕೊಡುವ ಸಾಮಾನ್ಯ ಸೌಲಭ್ಯ ಕೇಂದ್ರವೊಂದಕ್ಕೆ ರಾಜ್ಯದ ಕೈಗಾರಿಕಾ ಇಲಾಖೆ ಮನಸ್ಸು ಮಾಡಲಿ. 1945ರಿಂದ ಲೋಹಶಾಸ್ತ್ರ ಕಲಿಸುತ್ತಿರುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಭಾಗ, ತಯಾರಿಕಾ ತಂತ್ರಜ್ಞಾನದ ಸಂಸ್ಥೆ ಸಿಎಂಟಿಐ, ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ಇರುವ ಊರಿನಲ್ಲಿ ಇದಕ್ಕೆ ಬೇಕಾದ ತಿಳಿವಳಿಕೆಗೆ ಕೊರತೆಯಿಲ್ಲ. ನಿಕ್ಕಲ್ ನಮಗೆ ಬಹುತೇಕ ಆಮದಿನ ಲೋಹ. ಹೀಗಿರುವಾಗ 718, 625 ಮುಂತಾದವುಗಳ ಲೇತ್ ಚೂರುಗಳನ್ನು ಒಂದೇ ಡ್ರಮ್ಮಿಗೆ ಸುರಿದು ಸ್ಕ್ರ್ಯಾಪ್ ದರಕ್ಕೆ ಮಾರುವುದನ್ನು ನಿಲ್ಲಿಸಿ, ಪ್ರತಿ ಲೋಹಕ್ಕೂ ಬೇರೆ ಡ್ರಮ್ ಇಟ್ಟು ಚೀಟಿ ಅಂಟಿಸಿದರೆ ಘಟಕಗಳಿಗೇ ಹೆಚ್ಚು ಬೆಲೆ ಸಿಗುತ್ತದೆ, ಕರಗಿಸುವವರಿಗೆ ನಂಬಿಕೆಯ ಕಚ್ಚಾಮಾಲೂ ಸಿಗುತ್ತದೆ.

ತಮ್ಮ ಪತ್ರಿಕೆಯಲ್ಲಿಯೂ ಇಂಥ ಲೋಹಗಳ ಸುದ್ದಿ ಬಂದಾಗ ಅವುಗಳ ಸಂಯೋಜನೆ ಮತ್ತು ಹದದ ಬಗ್ಗೆ ಎರಡು ಸಾಲು ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ವರದಿಗಾರರಿಗೆ ವಿವರಣೆ ಬೇಕಾದಾಗ ಕನ್ನಡದಲ್ಲೇ ಬಿಡಿಸಿ ಹೇಳಬಲ್ಲ ಅಧ್ಯಾಪಕರು, ತಂತ್ರಜ್ಞರು ನಗರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ನಾನೂ ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಲೋಹಶಾಸ್ತ್ರ ಉಪನ್ಯಾಸಕ,
ರಾಜಾಜಿನಗರ, ಬೆಂಗಳೂರು